ಬುಲೆಟ್‌ಗೆ ಹೊಸ ಶಾಕ್: ಡಬ್ಬಿಯ ಅಂದ ನೋಡುವ ಮುನ್ನ ಅಳತೆ ನೋಡಿ

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳ ಮುಂದೆ ಹಾದುಹೋಗುವವರಿಗೆ ಬಣ್ಣಬಣ್ಣದ ಸ್ಪ್ರಿಂಗ್‌ಗಳ ಶಾಕ್ ಅಬ್ಸಾರ್ಬರ್‌ಗಳು ಅಪರಿಚಿತವಲ್ಲ. ಹಳದಿ, ಕೆಂಪು ಸ್ಪ್ರಿಂಗ್, ಬೆನ್ನಿಗೆ ಅಂಟಿಕೊಂಡ ಪುಟ್ಟ ಡಬ್ಬಿ, ಅದರ ಮೇಲೊಂದು ಹೊಳೆಯುವ ಚೀಟಿ. 'ಗ್ಯಾಸ್ ಶಾಕ್' ಎಂಬ ಹೆಸರಿನಲ್ಲಿ ಮಾರಾಟವಾಗುವ ಇವುಗಳಿಗೆ ರಾಯಲ್ ಎನ್‌ಫೀಲ್ಡ್ ಸವಾರರೇ ದೊಡ್ಡ ಗಿರಾಕಿಗಳು. ಹಿಂಬದಿ ಕೂರುವವರ ಸೊಂಟನೋವು, ತುಂಬಿದ ಚೀಲಗಳೊಂದಿಗೆ ಚಾರ್ಮಾಡಿ ಘಾಟಿ ಹತ್ತಿಳಿಯುವ ಹವ್ಯಾಸ, ನೋಟಕ್ಕೊಂದು ಗತ್ತು, ಹೀಗೆ ಕಾರಣಗಳು ಹಲವು. ಬೆಲೆಯೂ ಅಷ್ಟೇ ವೈವಿಧ್ಯಮಯ. ಜೋಡಿಗೆ ಒಂದೆರಡು ಸಾವಿರ ರೂಪಾಯಿಯಿಂದ ಹಿಡಿದು ಹಲವು ಹತ್ತು ಸಾವಿರದವರೆಗೂ ಹಬ್ಬಿದೆ.

ಆದರೆ ಹಣ ತೆತ್ತು ಹೊಸ ಶಾಕ್ ಹಾಕಿಸಿಕೊಂಡ ಸವಾರ ತಿಂಗಳೊಳಗೆ ಹಳೆಯದನ್ನೇ ಹುಡುಕಿಕೊಂಡು ಬರುವುದೂ ಗ್ಯಾರೇಜುಗಳಲ್ಲಿ ಅಪರೂಪವಲ್ಲ. ಮೊದಲಿಗಿಂತ ಗಟ್ಟಿಯಾಯಿತು, ಗುಂಡಿಯಲ್ಲಿ ಎತ್ತಿ ಒಗೆಯುತ್ತದೆ, ಸೆಂಟರ್ ಸ್ಟ್ಯಾಂಡ್ ಹಾಕಿದರೂ ಚಕ್ರ ನೆಲ ಬಿಡುವುದಿಲ್ಲ ಎಂಬ ದೂರುಗಳು ಸಾಮಾನ್ಯ. ಇವುಗಳಲ್ಲಿ ಹೆಚ್ಚಿನವು ಶಾಕ್‌ನ ದೋಷಗಳಲ್ಲ. ಅಳತೆ ಮತ್ತು ತೂಕಕ್ಕೆ ಹೊಂದದ ಆಯ್ಕೆ ಹಾಗೂ ಅವಸರದ ಜೋಡಣೆಯ ಫಲಗಳು.

ಸ್ಪ್ರಿಂಗ್ ಒಂದೇ ಅಲ್ಲ

ಶಾಕ್ ಅಬ್ಸಾರ್ಬರ್ ಎಂದರೆ ಆಸನವನ್ನು ಮೆತ್ತಗಿಡುವ ಸಾಧನ ಎಂಬ ಕಲ್ಪನೆ ವ್ಯಾಪಕವಾಗಿದೆ. ಅದು ಅರ್ಧ ಸತ್ಯ ಮಾತ್ರ. ಅದರ ಮುಖ್ಯ ಕೆಲಸ ಚಕ್ರವನ್ನು ರಸ್ತೆಯ ಮೇಲೆ ಒತ್ತಿ ಹಿಡಿಯುವುದು. ನೆಲ ಬಿಟ್ಟ ಟೈರಿಗೆ ಬ್ರೇಕೂ ಇಲ್ಲ, ಹಿಡಿತವೂ ಇಲ್ಲ. ಮಳೆಗಾಲದ ಘಾಟಿಯ ತಿರುವಿನಲ್ಲಿ ಬ್ರೇಕ್ ಹಾಕಿದಾಗ ವಾಹನದ ಭಾರವೆಲ್ಲ ಮುಂದಕ್ಕೆ ವಾಲಿ ಹಿಂದಿನ ಚಕ್ರ ಹಗುರಾಗುತ್ತದೆ. ಆ ಗಳಿಗೆಯಲ್ಲಿ ರಸ್ತೆಯ ಉಬ್ಬುತಗ್ಗುಗಳನ್ನು ಹಿಂದಿನ ಟೈರು ಅನುಸರಿಸುತ್ತದೆಯೋ ಅಥವಾ ಅದರ ಮೇಲೆ ಕುಪ್ಪಳಿಸುತ್ತದೆಯೋ ಎಂಬುದನ್ನು ನಿರ್ಧರಿಸುವುದು ಇದೇ ಜೋಡಿ ಕೊಳವೆಗಳು.

ಪ್ರತಿ ಶಾಕ್‌ನಲ್ಲಿ ಎರಡು ಭಾಗಗಳಿವೆ. ಹೊರಗೆ ಕಾಣುವ ಸ್ಪ್ರಿಂಗ್ ಹೊಡೆತದ ಶಕ್ತಿಯನ್ನು ಕ್ಷಣಕಾಲ ಕೂಡಿಟ್ಟುಕೊಂಡು ಮರಳಿ ಒದೆಯುತ್ತದೆ. ಒಳಗಿರುವ ಡ್ಯಾಂಪರ್ ಆ ಒದೆತವನ್ನು ಪಳಗಿಸುತ್ತದೆ. ಎಣ್ಣೆ ತುಂಬಿದ ಕೊಳವೆಯಲ್ಲಿ ಪಿಸ್ಟನ್ ಚಲಿಸುವಾಗ ಎಣ್ಣೆಯು ಸಣ್ಣ ರಂಧ್ರಗಳ ಮೂಲಕ ನುಗ್ಗಬೇಕಾಗುತ್ತದೆ. ಈ ತಡೆಯಿಂದಾಗಿ ಚಲನೆಯ ಶಕ್ತಿ ಶಾಖವಾಗಿ ಮಾರ್ಪಡುತ್ತದೆ. ಕೆಟ್ಟ ರಸ್ತೆಯಲ್ಲಿ ಬಹುದೂರ ಓಡಿ ಬಂದ ಬೈಕಿನ ಶಾಕ್ ಮುಟ್ಟಿದರೆ ಬೆಚ್ಚಗಿರುವುದು ಇದೇ ಕಾರಣಕ್ಕೆ. ಡ್ಯಾಂಪರ್ ಸತ್ತುಹೋದ ಬೈಕು ಒಂದು ಹಂಪ್ ದಾಟಿದ ಮೇಲೂ ಮೂರ್ನಾಲ್ಕು ಸಲ ತೊಟ್ಟಿಲಿನಂತೆ ತೂಗುತ್ತದೆ.

ಡ್ಯಾಂಪರ್‌ನ ತಡೆಯು ವೇಗವನ್ನು ಅವಲಂಬಿಸಿದೆ ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಪಿಸ್ಟನ್ ನಿಧಾನವಾಗಿ ಚಲಿಸಿದರೆ ತಡೆ ಕಡಿಮೆ, ವೇಗವಾಗಿ ಚಲಿಸಿದರೆ ಹೆಚ್ಚು. ನಮ್ಮ ರಸ್ತೆಗಳ ಮಟ್ಟಿಗೆ ಇದರ ಅರ್ಥವೇನೆಂಬುದನ್ನು ಒಂದು ಲೆಕ್ಕ ಸ್ಪಷ್ಟಪಡಿಸುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾರ್ಗಸೂಚಿಯ ಪ್ರಕಾರ ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಬೇಕಾದ ರಸ್ತೆ ಉಬ್ಬು 10 ಸೆಂ.ಮೀ. ಎತ್ತರ ಹಾಗೂ 3.7 ಮೀಟರ್ ಅಗಲವಿರಬೇಕು. ಅದೇ 10 ಸೆಂ.ಮೀ. ಎತ್ತರವನ್ನು ಬಡಾವಣೆಯ ಜನ ಒಂದು ಅಡಿ ಅಗಲದಲ್ಲಿ ಸಿಮೆಂಟು ಸುರಿದು ಕಟ್ಟಿದರೆ, ಅದೇ ವೇಗದಲ್ಲಿ ಚಕ್ರವು ಸುಮಾರು 12 ಪಟ್ಟು ಹೆಚ್ಚು ವೇಗವಾಗಿ ಮೇಲೇರಬೇಕಾಗುತ್ತದೆ. ಸ್ವಲ್ಪ ಭಾಗವನ್ನು ಟೈರು ನುಂಗಿಕೊಂಡರೂ ಉಳಿದದ್ದು ಪಿಸ್ಟನ್‌ನ ಪಾಲು. ಅಷ್ಟು ವೇಗದಲ್ಲಿ ಅಗ್ಗದ ಶಾಕ್‌ನ ಎಣ್ಣೆ ರಂಧ್ರಗಳ ಮೂಲಕ ಹಾಯಲಾರದೆ ಕೊಳವೆಯೇ ಕಬ್ಬಿಣದ ಸಲಾಕೆಯಂತೆ ವರ್ತಿಸುತ್ತದೆ. ಉತ್ತಮ ಶಾಕ್‌ನಲ್ಲಿ ಇಂತಹ ಹೊಡೆತ ಬಿದ್ದಾಗ ಬಾಗಿ ದಾರಿ ಬಿಡುವ ತೆಳುವಾದ ಉಕ್ಕಿನ ಬಿಲ್ಲೆಗಳಿರುತ್ತವೆ. ದುಬಾರಿ ಬೆಲೆಯ ದೊಡ್ಡ ಪಾಲು ಸಲ್ಲುವುದು ಕಣ್ಣಿಗೆ ಕಾಣದ ಈ ಬಿಲ್ಲೆಗಳ ಜೋಡಣೆಗೆ.

ಗ್ಯಾಸ್ ಎಂದರೇನು?

ಪಿಸ್ಟನ್ ಪದೇ ಪದೇ ಓಡಾಡಿದಾಗ ಅದರ ಹಿಂದೆ ಒತ್ತಡ ಕುಸಿದು ಎಣ್ಣೆಯಲ್ಲಿ ಗುಳ್ಳೆಗಳೇಳುತ್ತವೆ. ನೊರೆಯಾದ ಎಣ್ಣೆ ರಂಧ್ರಗಳಲ್ಲಿ ಸುಲಭವಾಗಿ ನುಸುಳುವುದರಿಂದ ಡ್ಯಾಂಪರ್ ಬಲ ಕಳೆದುಕೊಳ್ಳುತ್ತದೆ. ಎಣ್ಣೆಯನ್ನು ಸದಾ ಒತ್ತಡದಲ್ಲಿಟ್ಟರೆ ಗುಳ್ಳೆ ಏಳುವುದು ತಡವಾಗುತ್ತದೆ. ನೈಟ್ರೋಜನ್ ತುಂಬುವುದರ ಉದ್ದೇಶ ಇಷ್ಟೇ. ಒಂದೇ ಕೊಳವೆಯಲ್ಲಿ ತೇಲುವ ಪಿಸ್ಟನ್ ಇಟ್ಟು ಅನಿಲವನ್ನೂ ಎಣ್ಣೆಯನ್ನೂ ಬೇರ್ಪಡಿಸುವ ವಿನ್ಯಾಸವನ್ನು 1950ರ ದಶಕದಲ್ಲಿ ಬಳಕೆಗೆ ತಂದ ಕೀರ್ತಿ ಫ್ರಾನ್ಸಿನ ಎಂಜಿನಿಯರ್ ಕ್ರಿಶ್ಚಿಯನ್ ಬುರ್ಸಿಯೆ ದ ಕಾರ್ಬೊನ್ ಅವರಿಗೆ ಸಲ್ಲುತ್ತದೆ. ಬೆನ್ನಿಗಿರುವ ಡಬ್ಬಿಯೂ ಇದೇ ಕೆಲಸಕ್ಕೆ. ಹೆಚ್ಚಿನ ಎಣ್ಣೆಗೂ ಅನಿಲಕ್ಕೂ ಅದು ಜಾಗ ಒದಗಿಸುತ್ತದೆ.

ನಮ್ಮಲ್ಲಿ 'ಗ್ಯಾಸ್ ಶಾಕ್' ಎಂಬ ಪದ ಮನೆಮಾತಾದದ್ದು 2000ದ ದಶಕದ ಮಧ್ಯಭಾಗದಲ್ಲಿ, ಬಜಾಜ್ ಪಲ್ಸರ್ ಬೈಕಿನ ಹಿಂಬದಿಯ ಡಬ್ಬಿಗಳ ಮೇಲೆ 'ನೈಟ್ರಾಕ್ಸ್' ಎಂಬ ಹೆಸರು ಕಾಣಿಸಿಕೊಂಡ ಮೇಲೆ. ಅಲ್ಲಿಂದೀಚೆಗೆ ಡಬ್ಬಿಯೇ ಗುಣಮಟ್ಟದ ಗುರುತು ಎಂಬ ನಂಬಿಕೆ ಬೇರೂರಿತು. ತೀರಾ ಅಗ್ಗದ ಮಾಲಿನಲ್ಲಿ ಡಬ್ಬಿ ಬರೀ ಟೊಳ್ಳು, ಅಲಂಕಾರಕ್ಕೆ ಮಾತ್ರ. ಇನ್ನೊಂದೆಡೆ, ಡಬ್ಬಿಯೇ ಇಲ್ಲದೆ ಅನಿಲ ಮತ್ತು ಎಣ್ಣೆ ಒಂದೇ ಕೋಣೆಯಲ್ಲಿರುವ 'ಎಮಲ್ಷನ್' ಮಾದರಿಯ ಶಾಕ್‌ಗಳೂ ದಿನನಿತ್ಯದ ಓಡಾಟಕ್ಕೆ ಧಾರಾಳವಾಗಿ ಸಾಕು. 2021ರಲ್ಲಿ ಹೊಸ ಎಂಜಿನ್‌ನೊಂದಿಗೆ ಬಂದ ಕ್ಲಾಸಿಕ್ 350ಗೆ ಕಂಪನಿಯೇ ಅಳವಡಿಸಿದ್ದು ಎಮಲ್ಷನ್ ಶಾಕ್. ಇವುಗಳನ್ನು ತಲೆಕೆಳಗು ಮಾಡಿ ಜೋಡಿಸುವಂತಿಲ್ಲ ಎಂಬುದೊಂದು ಎಚ್ಚರಿಕೆ. ಮೇಲೆ ನಿಂತ ಅನಿಲ ಪಿಸ್ಟನ್ ಇರುವೆಡೆಗೆ ಬಂದರೆ ಡ್ಯಾಂಪರ್ ಇದ್ದೂ ಇಲ್ಲದಂತೆ.

ಎಪ್ಪತ್ತು ದಾಟಿದ ವಿನ್ಯಾಸ

ಬುಲೆಟ್‌ನ ಹಿಂದಿನ ಸಸ್ಪೆನ್ಷನ್‌ಗೆ ಸ್ವಾರಸ್ಯಕರ ಇತಿಹಾಸವಿದೆ. ಎರಡನೆಯ ಮಹಾಯುದ್ಧದವರೆಗೆ ಬಹುತೇಕ ಮೋಟಾರ್ ಸೈಕಲ್‌ಗಳ ಹಿಂದಿನ ಚಕ್ರ ಚೌಕಟ್ಟಿಗೇ ಬಿಗಿಯಲ್ಪಟ್ಟಿತ್ತು. ಸವಾರನ ಬೆನ್ನಿಗೆ ಆಸನದ ಸ್ಪ್ರಿಂಗೇ ಗತಿ. 1948ರಲ್ಲಿ ಬ್ರಿಟನ್ನಿನ ಕಾಲ್ಮೋರ್ ಕಪ್ ಸ್ಪರ್ಧೆಗೆ ರಾಯಲ್ ಎನ್‌ಫೀಲ್ಡ್ ಇಳಿಸಿದ ಬುಲೆಟ್‌ನ ಪ್ರಯೋಗ ಮಾದರಿಗಳಲ್ಲಿ ಸ್ವಿಂಗ್ ಆರ್ಮ್ ಹಾಗೂ ಎಣ್ಣೆ ತುಂಬಿದ ಶಾಕ್‌ಗಳಿದ್ದವು. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಆರಂಭವಾದಾಗ ಇದೇ ಏರ್ಪಾಡು ಭಾರತಕ್ಕೂ ಬಂತು. 2009ರ ಕ್ಲಾಸಿಕ್‌ನಲ್ಲಿ ಶಾಕ್ ಇದ್ದೂ ಸವಾರನ ಆಸನದಡಿ ಮತ್ತೆ ಸ್ಪ್ರಿಂಗ್ ಕೂರಿಸಿದ್ದು ಹಳೆಯ ಚೆಲುವಿನ ಮೋಹಕ್ಕೆ. ಹಿಂಬದಿ ಕೂರುವವರಿಗೆ ಆ ಭಾಗ್ಯ ಇರಲಿಲ್ಲ ಎಂಬುದು ಬೇರೆ ಮಾತು.

ಆ ಕ್ಲಾಸಿಕ್‌ನ ಹಿಂದಿನ ಚಕ್ರದ ಓಡಾಟ 80 ಮಿ.ಮೀ. ಇದ್ದುದರಲ್ಲೇ ಹಂಪು, ಗುಂಡಿ, ಹಿಂಬದಿ ಸವಾರ, ಸಾಮಾನು ಎಲ್ಲವೂ ನಿಭಾಯಿಸಲ್ಪಡಬೇಕು. ಹೊಸ ಶಾಕ್ ಆಯ್ಕೆಯ ಲೆಕ್ಕಾಚಾರ ಆರಂಭವಾಗುವುದು ಇಲ್ಲಿಂದಲೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಹಳೆಯ ಯೆಜ್ಡಿಗಳನ್ನು ಇಂದಿಗೂ ಓಡಿಸುವವರ ಕಥೆ ಬೇರೆ. 1996ರಲ್ಲಿ ಮುಚ್ಚಿದ ಕಾರ್ಖಾನೆಯ ಮೂಲ ಶಾಕ್‌ಗಳು ಸಿಗುವುದು ದುರ್ಲಭವಾದ್ದರಿಂದ ಅವರಿಗೆ ಹೊರಗಿನ ಮಾಲು ಅನಿವಾರ್ಯ. ಅಳತೆಯ ನಿಯಮಗಳು ಮಾತ್ರ ಇಬ್ಬರಿಗೂ ಒಂದೇ.

ತೂಕ ಮತ್ತು ಸ್ಯಾಗ್

ಸವಾರ ಕುಳಿತಾಗ ಶಾಕ್ ಎಷ್ಟು ಕುಸಿಯುತ್ತದೆ ಎಂಬುದನ್ನು ತಜ್ಞರ ಭಾಷೆಯಲ್ಲಿ 'ಸ್ಯಾಗ್' ಎನ್ನುತ್ತಾರೆ. ಒಟ್ಟು ಓಡಾಟದ ಶೇ. 25ರಿಂದ 35ರಷ್ಟು ಸ್ಯಾಗ್ ಇರಬೇಕೆಂಬುದು ಸಾಮಾನ್ಯ ಸೂತ್ರ. 80 ಮಿ.ಮೀ. ಓಡಾಟವಿದ್ದರೆ 20ರಿಂದ 28 ಮಿ.ಮೀ. ಕುಸಿತವೇ ಇರಬಾರದೆಂದು ಬಯಸುವುದು ತಪ್ಪು. ಗುಂಡಿ ಬಂದಾಗ ಚಕ್ರ ಕೆಳಗಿಳಿಯಲು ಬೇಕಾದ ಅವಕಾಶ ಈ ಕುಸಿತದಲ್ಲೇ ಅಡಗಿದೆ. ಕುಸಿಯದ ಶಾಕ್ ಇದ್ದರೆ ಚಕ್ರ ಗುಂಡಿಯ ಮೇಲೆ ಹಾರಿ ಆಚೆ ಅಂಚಿಗೆ ಬಡಿಯುತ್ತದೆ.

ಅಳೆಯಲು ಒಂದು ಟೇಪು ಮತ್ತು ಇಬ್ಬರು ಸಹಾಯಕರು ಸಾಕು. ಸೆಂಟರ್ ಸ್ಟ್ಯಾಂಡ್ ಮೇಲೆ ಚಕ್ರ ತೂಗಾಡುತ್ತಿರುವಾಗ ಅಚ್ಚಿನ ಮಧ್ಯದಿಂದ ನೇರ ಮೇಲೆ ಮಡ್‌ಗಾರ್ಡ್‌ನ ಒಂದು ಗುರುತಿನವರೆಗೆ ಅಳೆಯಬೇಕು. ಅನಂತರ ಬೈಕನ್ನು ಇಳಿಸಿ, ಹೆಲ್ಮೆಟ್ ಜಾಕೆಟ್ ಸಹಿತ ಸವಾರ ಕುಳಿತು ಎರಡೂ ಕಾಲು ಫುಟ್‌ರೆಸ್ಟ್ ಮೇಲಿಟ್ಟಾಗ ಮತ್ತೆ ಅದೇ ಅಳತೆ. ಒಬ್ಬರು ಬೈಕು ಹಿಡಿದಿರಬೇಕು, ಇನ್ನೊಬ್ಬರು ಅಳೆಯಬೇಕು. ಎರಡರ ವ್ಯತ್ಯಾಸವೇ ಸ್ಯಾಗ್.

ಹಿಂಬದಿ ಸವಾರ ಬಂದರೆ? ಆತನ ತೂಕ ಬಹುಪಾಲು ಹಿಂದಿನ ಚಕ್ರದ ಮೇಲೆಯೇ ಬೀಳುತ್ತದೆ. ಉದಾಹರಣೆಗೆ ಒಂದೊಂದು ಸ್ಪ್ರಿಂಗ್‌ನ ಬಿಗಿತ ಮಿಲಿಮೀಟರ್‌ಗೆ 20 ನ್ಯೂಟನ್ ಎಂದಿಟ್ಟುಕೊಂಡರೆ ಜೋಡಿಯದು 40. 60 ಕಿಲೋ ತೂಕದ ವ್ಯಕ್ತಿ ಹೇರುವ ಬಲ ಸುಮಾರು 590 ನ್ಯೂಟನ್. ಅಂದರೆ ಇನ್ನೂ 15 ಮಿ.ಮೀ. ಕುಸಿತ. ಒಬ್ಬನೇ ಇದ್ದಾಗ 24 ಮಿ.ಮೀ. ಕುಸಿದಿದ್ದ ಬೈಕು ಈಗ 39ಕ್ಕೆ ಇಳಿಯಿತು, ಓಡಾಟದ ಅರ್ಧ ಭಾಗ ನಿಂತಲ್ಲೇ ಖರ್ಚಾಯಿತು. ಉಳಿದ 41 ಮಿ.ಮೀ.ಗಳಲ್ಲಿ ಬಡಾವಣೆಯ ಸಿಮೆಂಟು ಹಂಪು ದಾಟಬೇಕು. ಶಾಕ್ ತಳ ಮುಟ್ಟಿ 'ಟಕ್' ಎಂದಾಗ ಆ ಹೊಡೆತ ನೇರ ಬೆನ್ನುಮೂಳೆಗೆ. ಹಿಂಬದಿಯವರ ಕುಂಡಿಯ ಕೆಳಗೇ ಅಚ್ಚು ಇರುವುದರಿಂದ ಮುಂದಿನವರಿಗಿಂತ ಅವರಿಗೇ ಪೆಟ್ಟು ಹೆಚ್ಚು. ಒಂದೇ ಬದಿಗೆ ಕಾಲಿಳಿಬಿಟ್ಟು ಕೂರುವ ಮಹಿಳೆಯರಿಗಂತೂ ಕಾಲೂರಿ ಮೈ ಎತ್ತಿಕೊಳ್ಳುವ ಅವಕಾಶವೂ ಇಲ್ಲ.

ಇಲ್ಲಿಯೇ 'ಪ್ರೀಲೋಡ್' ಕುರಿತ ದೊಡ್ಡ ತಪ್ಪು ತಿಳಿವಳಿಕೆ ಇಣುಕುತ್ತದೆ. ಸ್ಪ್ರಿಂಗ್‌ನ ಬುಡದಲ್ಲಿರುವ ಮೆಟ್ಟಿಲುಗಳುಳ್ಳ ಉಂಗುರವನ್ನು ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂದು ಅನೇಕ ಮೆಕ್ಯಾನಿಕ್‌ಗಳೂ ಹೇಳುತ್ತಾರೆ. ವಾಸ್ತವದಲ್ಲಿ ಸ್ಪ್ರಿಂಗ್‌ನ ಬಿಗಿತ ಬದಲಾಗುವುದೇ ಇಲ್ಲ. ಮಿಲಿಮೀಟರ್‌ಗೆ 20 ನ್ಯೂಟನ್ ಇದ್ದದ್ದು 20 ಆಗಿಯೇ ಉಳಿಯುತ್ತದೆ. ಪ್ರೀಲೋಡ್ ಮಾಡುವುದು ಕುಸಿದ ಬೈಕನ್ನು ಮತ್ತೆ ಎತ್ತರಕ್ಕೆ ತರುವ ಕೆಲಸ. 5 ಮಿ.ಮೀ. ಪ್ರೀಲೋಡ್ ಹೆಚ್ಚಿಸಿದರೆ ಹೆಚ್ಚುಕಡಿಮೆ ಅಷ್ಟೇ ಎತ್ತರ ಮರಳಿ ಸಿಗುತ್ತದೆ. ಕೊನೆಯ ಮೆಟ್ಟಿಲಿಗೆ ತಿರುಗಿಸಿದರೂ ಸ್ಯಾಗ್ ಮಿತಿಮೀರಿದ್ದರೆ ಸ್ಪ್ರಿಂಗೇ ಮೆತ್ತಗಿನದು ಎಂದರ್ಥ. ಕನಿಷ್ಠ ಮೆಟ್ಟಿಲಿನಲ್ಲೂ 10 ಮಿ.ಮೀ. ಮಾತ್ರ ಕುಸಿದರೆ ಸ್ಪ್ರಿಂಗ್ ಆ ಸವಾರನಿಗೆ ತೀರಾ ಗಟ್ಟಿ. ಅಂಗಡಿಯವರನ್ನು ಮೊದಲು ಕೇಳಬೇಕಾದ್ದು ಡಬ್ಬಿಯ ಬಗ್ಗೆ ಅಲ್ಲ, ಈ ಸ್ಪ್ರಿಂಗ್ ಎಷ್ಟು ಕಿಲೋ ತೂಕದ ಸವಾರನಿಗಾಗಿ ಎಂದು. ಉತ್ತಮ ತಯಾರಕರು ಸವಾರನ ತೂಕ, ಹಿಂಬದಿ ಸವಾರರ ತೂಕ ಕೇಳಿಯೇ ಸ್ಪ್ರಿಂಗ್ ಸೂಚಿಸುತ್ತಾರೆ. ಉತ್ತರವೇ ಸಿಗದ ಅಂಗಡಿಯಿಂದ ಹೊರನಡೆಯುವುದು ಲೇಸು.

ಉದ್ದದ ಉಪದ್ರವ

ಮೇಲಿನ ಮತ್ತು ಕೆಳಗಿನ ಬೋಲ್ಟ್‌ಗಳ ಮಧ್ಯದಿಂದ ಮಧ್ಯಕ್ಕೆ ಇರುವ ಅಂತರವೇ ಶಾಕ್‌ನ ಉದ್ದ. ಇದು ಮೂಲ ಶಾಕ್‌ನಷ್ಟೇ ಇರಬೇಕು. ಹಿಂಬದಿ ಎತ್ತರವಾಗಿದ್ದರೆ ಚಂದ ಎಂದು ಉದ್ದನೆಯದನ್ನು ಹಾಕಿಸಿದರೆ ಮುಂದಿನ ಫೋರ್ಕ್ ಹೆಚ್ಚು ನೆಟ್ಟಗಾಗಿ ಹ್ಯಾಂಡಲ್ ಚುರುಕಾಗುತ್ತದೆ, ಹೆದ್ದಾರಿಯಲ್ಲಿ ಬೈಕಿನ ಸ್ಥಿರತೆ ಕುಂದುತ್ತದೆ. ಸೈಡ್ ಸ್ಟ್ಯಾಂಡ್ ಹಾಕಿದಾಗ ಬೈಕು ಅಪಾಯಕರವಾಗಿ ವಾಲುತ್ತದೆ. ಸೆಂಟರ್ ಸ್ಟ್ಯಾಂಡ್ ಹಾಕಿದರೂ ಚಕ್ರ ನೆಲಕ್ಕೇ ತಾಗಿರುತ್ತದೆ. ಚೈನು ಕೂಡ ಹೆಚ್ಚು ಕೋನದಲ್ಲಿ ಎಳೆಯಲ್ಪಡುತ್ತದೆ. ಗಿಡ್ಡನೆಯ ಶಾಕ್ ಇನ್ನೂ ಕೇಡು. ಗುಂಡಿಯಲ್ಲಿ ಟೈರು ಮಡ್‌ಗಾರ್ಡ್‌ನ ಒಳಮೈಗೆ ಉಜ್ಜಬಹುದು, ಎಂಜಿನ್ನಿನ ತಳ ಹಂಪಿಗೆ ತಾಗಬಹುದು.

ಬೋಲ್ಟ್ ಹಾಯುವ ಕಣ್ಣಿನ ವ್ಯಾಸ ಹಾಗೂ ಒಳಗಿನ ಉಕ್ಕಿನ ಕೊಳವೆಯ ಅಗಲವೂ ಕರಾರುವಾಕ್ಕಾಗಿ ಹೊಂದಬೇಕು. ದೊಡ್ಡ ಕಣ್ಣಿಗೆ ತಗಡು ಸುತ್ತಿ ಕೂರಿಸುವ, ಚಿಕ್ಕ ಕಣ್ಣನ್ನು ಡ್ರಿಲ್ ಮಾಡಿ ಹಿಗ್ಗಿಸುವ ಪರಿಪಾಠವನ್ನು ಯಾವ ಕಾರಣಕ್ಕೂ ಒಪ್ಪಬಾರದು.

ಇಷ್ಟಕ್ಕೂ ಮೊದಲು ಶಾಕ್ ಬದಲಿಸುವ ಅಗತ್ಯವಿದೆಯೇ ಎಂಬುದನ್ನೇ ಪರಿಶೀಲಿಸುವುದು ಜಾಣತನ. ಟೈರಿಗೆ ಅಳತೆ ಮೀರಿ ಗಾಳಿ ತುಂಬಿದ್ದರೆ ಹೊಸ ಶಾಕ್ ಕೂಡ ಕಲ್ಲಿನಂತೆ ಭಾಸವಾಗುತ್ತದೆ. ಸ್ವಿಂಗ್ ಆರ್ಮ್‌ನ ಬುಷ್ ಸವೆದಿದ್ದರೆ ಹಿಂಬದಿ ಅತ್ತಿತ್ತ ಓಲಾಡುತ್ತದೆ. ಇವೆರಡೂ ಸರಿಯಿದ್ದು, ಶಾಕ್‌ನ ದಂಡದ ಮೇಲೆ ಎಣ್ಣೆ ಜಿನುಗಿದ್ದರೆ ಅಥವಾ ಹಿಂಬದಿಯನ್ನು ಒತ್ತಿ ಬಿಟ್ಟಾಗ ಬೈಕು ಒಂದೇ ಸಲಕ್ಕೆ ನಿಲ್ಲದೆ ಪುಟಿಯುತ್ತಿದ್ದರೆ ಮಾತ್ರ ಕೈಚೀಲ ತೆರೆಯಬಹುದು.

ಜೋಡಣೆ: ಒಂದಾದ ಮೇಲೊಂದು

ಎರಡು ಶಾಕ್‌ಗಳ ಬೈಕಿನಲ್ಲಿ ಜೋಡಣೆ ಕಷ್ಟದ ಕೆಲಸವಲ್ಲ. ಸಮತಟ್ಟಾದ ನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದಿನ ಟೈರಿನ ಕೆಳಗೆ ಮರದ ಹಲಗೆಯೊಂದನ್ನು ತುರುಕಿದರೆ ಚಕ್ರದ ಭಾರ ಬೋಲ್ಟ್‌ಗಳ ಮೇಲೆ ಬೀಳುವುದಿಲ್ಲ. ಎರಡೂ ಬದಿಯ ಶಾಕ್‌ಗಳನ್ನು ಒಟ್ಟಿಗೆ ಬಿಚ್ಚಬಾರದು. ಬಿಚ್ಚಿದರೆ ಸ್ವಿಂಗ್ ಆರ್ಮ್ ಕೆಳಗೆ ಕುಸಿದು ಬ್ರೇಕ್‌ನ ಕೊಳವೆ ಎಳೆಯಲ್ಪಡುತ್ತದೆ. ಮತ್ತೆ ಎತ್ತಿ ಹೊಂದಿಸುವುದೂ ಪ್ರಯಾಸ. ಒಂದು ಬದಿ ಬಿಚ್ಚಿ ಹೊಸದನ್ನು ಕೂರಿಸಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಬೇಕು. ಹಳೆಯದು ಮತ್ತು ಹೊಸದು ಒಂದೇ ಉದ್ದವಿದ್ದರೆ ಬೋಲ್ಟ್ ಸಲೀಸಾಗಿ ಹಾಯುತ್ತದೆ. ಸುತ್ತಿಗೆ ಬೇಕಾಯಿತೆಂದರೆ ಅಳತೆಯಲ್ಲೇ ಎಡವಟ್ಟಾಗಿದೆ ಎಂದು ತಿಳಿಯಬೇಕು.

ಸೈಲೆನ್ಸರ್ ಇರುವ ಬದಿಯಲ್ಲಿ ಕೆಳಗಿನ ಬೋಲ್ಟ್‌ಗೆ ಸ್ಪ್ಯಾನರ್ ಹಾಯದಿದ್ದರೆ ಸೈಲೆನ್ಸರ್ ಸಡಿಲಿಸಬೇಕಾದೀತು, ಕಾದಿರುವಾಗ ಅಲ್ಲ. ವಾಷರ್‌ಗಳನ್ನು ಬಿಚ್ಚಿದ ಕ್ರಮದಲ್ಲೇ ಮರಳಿ ಹಾಕಬೇಕು. ಬಿಚ್ಚುವ ಮುನ್ನ ಮೊಬೈಲ್‌ನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಂಡರೆ ಗೊಂದಲವಿಲ್ಲ. ಒಳಗೆ ನೈಲಾನ್ ಇರುವ ನಟ್‌ಗಳನ್ನು ಹೊಸದಾಗಿ ಹಾಕುವುದು ಉತ್ತಮ. ಮೊದಲು ಕೈಬಿಗಿತಕ್ಕೆ ಬಿಟ್ಟು, ಬೈಕನ್ನು ಚಕ್ರಗಳ ಮೇಲೆ ಇಳಿಸಿ, ಅದು ತನ್ನ ಭಾರಕ್ಕೆ ಕುಸಿದ ಸ್ಥಿತಿಯಲ್ಲಿ ಕೊನೆಯ ಬಿಗಿತ ಕೊಡಬೇಕು. ತೂಗಾಡುವ ಸ್ಥಿತಿಯಲ್ಲಿ ಬಿಗಿದರೆ ಕಣ್ಣಿನೊಳಗಿನ ರಬ್ಬರ್ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಬಿಗಿತದ ಪ್ರಮಾಣವನ್ನು ಕಂಪನಿಯ ಕೈಪಿಡಿ ನೋಡಿ ಟಾರ್ಕ್ ರೆಂಚ್‌ನಿಂದಲೇ ಕೊಡಬೇಕು.

ಇದಾದ ಮೇಲೆ ಎರಡೂ ಬದಿಯ ಪ್ರೀಲೋಡ್ ಒಂದೇ ಮೆಟ್ಟಿಲಿನಲ್ಲಿದೆಯೇ ಎಂದು ನೋಡಿ ಸ್ಯಾಗ್ ಅಳೆಯಬೇಕು. ಚೈನ್ ಸಡಿಲವನ್ನೂ ಮತ್ತೆ ಪರಿಶೀಲಿಸಬೇಕು. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮ್‌ನ ಕೀಲು ಮತ್ತು ಹಿಂದಿನ ಅಚ್ಚು ಒಂದೇ ಸರಳ ರೇಖೆಯಲ್ಲಿ ಬಂದಾಗ ಚೈನು ಅತಿ ಬಿಗಿಯಾಗುತ್ತದೆ, ಆಗಲೂ ಸ್ವಲ್ಪ ಸಡಿಲ ಉಳಿದಿರಬೇಕು. ಬೆನ್ನಿನ ಡಬ್ಬಿ ಸೀರೆ ಗಾರ್ಡ್‌ಗೋ ಪಕ್ಕದ ಚೀಲದ ಚೌಕಟ್ಟಿಗೋ ತಾಗುತ್ತಿದೆಯೇ ಎಂಬುದನ್ನು ಹಿಂಬದಿ ಸವಾರರನ್ನು ಕೂರಿಸಿಯೇ ನೋಡಬೇಕು. ಖಾಲಿ ಬೈಕಿನಲ್ಲಿ ಇದ್ದ ಎರಡು ಬೆರಳಿನ ಅಂತರ ಹಂಪಿನಲ್ಲಿ ಇರುವುದಿಲ್ಲ.

ಒಂದೇ ಶಾಕ್ ಇರುವ ಮಾನೋಶಾಕ್ ಬೈಕುಗಳ ಸಂಗತಿ ಭಿನ್ನ. 2004ರ ಹೋಂಡಾ ಯೂನಿಕಾರ್ನ್‌ನಿಂದ ಹಿಡಿದು ಹಿಮಾಲಯನ್‌ವರೆಗೆ ಈ ಬಗೆಯ ಬೈಕುಗಳಲ್ಲಿ ಶಾಕ್ ಕಳಚಿದೊಡನೆ ಹಿಂಬದಿಗೆ ಆಧಾರವೇ ಇರುವುದಿಲ್ಲ. ಚೌಕಟ್ಟಿಗೇ ಆಸರೆ ಕೊಟ್ಟು ಎತ್ತಿ ನಿಲ್ಲಿಸುವ ಸೌಕರ್ಯವಿಲ್ಲದ ಗ್ಯಾರೇಜಿನಲ್ಲಿ ಈ ಕೆಲಸ ಬೇಡ.

ಕಾನೂನು ಮತ್ತು ವಾರಂಟಿ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿ ಪತ್ರದಲ್ಲಿರುವ, ತಯಾರಕರು ನಮೂದಿಸಿದ ವಿವರಗಳಿಗೆ ವ್ಯತಿರಿಕ್ತವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ಕಲ್ಪಿಸಿತು. ಶಾಕ್‌ನ ತಯಾರಕರ ಹೆಸರು ನೋಂದಣಿ ಪತ್ರದಲ್ಲಿ ಇರುವುದಿಲ್ಲ. ಆದರೆ ಸ್ವಿಂಗ್ ಆರ್ಮ್ ಕತ್ತರಿಸಿ, ಚೌಕಟ್ಟಿಗೆ ವೆಲ್ಡಿಂಗ್ ಮಾಡಿ ಎರಡು ಶಾಕ್‌ನ ಬೈಕನ್ನು ಮಾನೋಶಾಕ್ ಆಗಿಸುವ ಕಸರತ್ತು ಬೇರೆಯದೇ ಸಂಗತಿ. ಅದು ವಾಹನದ ಮೂಲ ರಚನೆಗೇ ಕೈ ಹಾಕಿದಂತೆ. ವಾರಂಟಿ ಅವಧಿಯಲ್ಲಿರುವ ಬೈಕಿಗೆ ಹೊರಗಿನ ಶಾಕ್ ಹಾಕಿಸುವ ಮುನ್ನ ಮಾರಾಟಗಾರರಿಂದಲೂ, ವಿಮೆಯ ವಿಷಯದಲ್ಲಿ ವಿಮಾ ಕಂಪನಿಯಿಂದಲೂ ಲಿಖಿತ ಉತ್ತರ ಪಡೆದಿಟ್ಟುಕೊಳ್ಳುವುದು ಸೂಕ್ತ.

ಮೊದಲ ಕೆಲವು ನೂರು ಕಿ.ಮೀ. ಓಡಿದ ನಂತರ ನಾಲ್ಕೂ ಬೋಲ್ಟ್‌ಗಳ ಬಿಗಿತವನ್ನು ಮತ್ತೊಮ್ಮೆ ಪರೀಕ್ಷಿಸಬೇಕು. ಹೊಸ ಸೀಲ್ ಮತ್ತು ಬುಷ್‌ಗಳು ಹದಕ್ಕೆ ಬಂದ ಮೇಲೆ ಸ್ಯಾಗ್ ಒಂದೆರಡು ಮಿಲಿಮೀಟರ್ ಬದಲಾಗುವುದೂ ಉಂಟು, ಆಗ ಪ್ರೀಲೋಡ್ ಸರಿಹೊಂದಿಸಿದರಾಯಿತು. ಬಿಚ್ಚಿದ ಮೂಲ ಶಾಕ್‌ಗಳನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ನೆಟ್ಟಗೆ ನಿಲ್ಲಿಸಿಟ್ಟರೆ ಬೈಕು ಮಾರುವಾಗ ಕೆಲಸಕ್ಕೆ ಬರುತ್ತವೆ. ಕೆಟ್ಟುಹೋದವನ್ನು ಗುಜರಿಗೆ ಹಾಕುವುದಾದರೆ ಒಳಗೆ ಒತ್ತಡದಲ್ಲಿ ಅನಿಲವಿದೆ ಎಂದು ಗುಜರಿಯವನಿಗೆ ತಿಳಿಸಬೇಕು. ಅಂತಹ ಕೊಳವೆಗೆ ಡ್ರಿಲ್ ಹಾಕುವುದು, ಗ್ಯಾಸ್ ಕಟರ್ ಹಿಡಿಯುವುದು ಜೀವಕ್ಕೇ ಅಪಾಯ.